ಹೆಂಗಸರಿಗೂ ಸಾಮು ಬೇಕು
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ತಾಯಂದಿರೇ,

ಕೂಲಿ, ಬೋನಸ್ಸುಗಳ ಮಾತು ನಾಳೆಗಿರಲಿ. ಈ ಸಂಜೆ ಗರಡಿಯ ಮಾತು. ನಗಬೇಡಿ. ನಮ್ಮ ಊರುಗಳಲ್ಲಿ ಗರಡಿಯ ಮಣ್ಣು ತುಳಿಯಲು ಹೆಂಗಸರನ್ನು ಬಹುಕಾಲ ಬಿಡಲೇ ಇಲ್ಲ. ನಾವು ಉಪಾಧ್ಯಾಯರಾಗಿದ್ದಾಗ ವ್ಯಾಯಾಮದ ಅವಧಿಯಲ್ಲಿ ಗಂಡುಮಕ್ಕಳನ್ನು ಬಯಲಿಗೆ ಬಿಟ್ಟು, ಹೆಣ್ಣುಮಕ್ಕಳನ್ನು ಕಸೂತಿಗೆ ಕೂರಿಸಿದ್ದೇವೆ. ಆ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದಿಲ್ಲ.

ಹೊರಗಿನ ಲೋಕವೂ ಇದಕ್ಕಿಂತ ಮೇಲಾಗಿರಲಿಲ್ಲ. ಗಂಡಸರು ಒಲಿಂಪಿಕ್ಸಿನಲ್ಲಿ ಭಾರ ಎತ್ತಿದ್ದು 1896ರಲ್ಲಿ; ಹೆಂಗಸರಿಗೆ ಆ ಅವಕಾಶ ಸಿಕ್ಕಿದ್ದು 2000ದಲ್ಲಿ. ಬಾಗಿಲು ತೆರೆದ ಆ ಸಲವೇ ಸಿಡ್ನಿಯಲ್ಲಿ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಂದು ಬಗೆಯಲ್ಲಿ 110, ಇನ್ನೊಂದರಲ್ಲಿ 130, ಒಟ್ಟು 240 ಕಿಲೋ ಎತ್ತಿ ಕಂಚು ತಂದರು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ.

"ದಿನವೆಲ್ಲ ಹೊರುವವರಿಗೆ ಇನ್ನೆಂಥ ಸಾಮು, ಮೇಷ್ಟ್ರೇ?" ಎಂದು ಸ್ಪಿನ್ನಿಂಗ್ ಖಾತೆಯ ತಾಯಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಗಿರಣಿಯಲ್ಲಿ ಎಂಟು ಗಂಟೆ ನಿಲ್ಲುತ್ತೀರಿ, ಅಂಗಡಿಯಲ್ಲಿ ಮೂಟೆ ಎಳೆಯುತ್ತೀರಿ, ಮನೆಯಲ್ಲಿ ಕೊಡ ಹೊರುತ್ತೀರಿ. ಅಲ್ಲಿ ಭಾರವನ್ನು ನಿಶ್ಚಯಿಸುವವರು ನೀವಲ್ಲ. ಬೆನ್ನು ನೋಯುತ್ತಿದೆಯೆಂದು ಕೊಡ ಹಗುರಾಗುವುದಿಲ್ಲ. ಸಾಮಿನಲ್ಲಿ ಭಾರ ನಿಮ್ಮ ಅಧೀನ. ಇವತ್ತು ಇಷ್ಟು, ಹದಿನೈದು ದಿನದ ಮೇಲೆ ತುಸು ಹೆಚ್ಚು, ನಡುವೆ ಬಿಡುವು. ದಣಿದ ಸ್ನಾಯು ಬಲಿಯುವುದು ಆ ಬಿಡುವಿನಲ್ಲೇ, ಅದೂ ಬೇಳೆ, ಹಾಲು, ಮೊಟ್ಟೆ ಹೊಟ್ಟೆಗೆ ಬಿದ್ದರೆ. ಬಿಡುವೂ ಇಲ್ಲದೆ ಊಟವೂ ಇಲ್ಲದೆ ಹೊತ್ತರೆ ಮೈ ಸವೆಯುತ್ತದೆ, ಅಷ್ಟೆ.

ಮಣಿಪುರದ ಮೀರಾಬಾಯಿ ಚಾನು ಚಿಕ್ಕಂದಿನಲ್ಲಿ ಕಟ್ಟಿಗೆ ಹೊರೆ ಹೊತ್ತವರು. 2021ರಲ್ಲಿ ಟೋಕಿಯೊದಲ್ಲಿ 202 ಕಿಲೋ ಎತ್ತಿ ಬೆಳ್ಳಿ ಗೆಲ್ಲಲು ಅವರಿಗೆ ಕಲಿಸುವವರು ಬೇಕಾಯಿತು, ವರ್ಷಗಟ್ಟಲೆ ಅಭ್ಯಾಸ ಬೇಕಾಯಿತು. ಕಟ್ಟಿಗೆ ಹೊತ್ತೇ ಸೊಂಟ ಕಳೆದುಕೊಂಡವರ ಹೆಸರು ಯಾವ ಪತ್ರಿಕೆಯಲ್ಲಿ ಬಂದಿದೆ?

ಇನ್ನು ಮೂಳೆಯ ವಿಷಯ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ಮತ್ತೆ ಏಳದ ಅಜ್ಜಿಯರನ್ನು ನೀವೂ ಕಂಡಿದ್ದೀರಿ. ಭಾರ ಎತ್ತುವ ಅಭ್ಯಾಸದಿಂದ ಆ ಸವೆತ ನಿಧಾನವಾಗುತ್ತದೆ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರೆಲ್ಲರಿಗೂ ಹೇಳಿದೆ. ಗಂಡಸರಿಗೆ ಮಾತ್ರ ಎಂದಿಲ್ಲ. ಹೆಂಗಸಿನ ಮೈ ಗಂಡಸಿನಂತಾದೀತೆಂಬ ಭಯ ಕೆಲವು ಅತ್ತೆಯರಿಗಿದೆ. ಅಂಥ ಮೈ ಬೆಳೆಸುವ ಹಾರ್ಮೋನು ಹೆಣ್ಣಿನಲ್ಲಿ ತೀರ ಕಡಿಮೆ.

ಬಸ್ಕಿಯಿಂದ ಆರಂಭಿಸಿ. ಆಗದವರು ಕುರ್ಚಿಯಿಂದ ಎದ್ದು ಕೂರಿ. ಗೋಡೆಗೆ ಕೈಯೂರಿ ದಂಡ ಹೊಡೆಯಿರಿ. ಆಮೇಲೆ 5 ಕಿಲೋ ಅಕ್ಕಿಚೀಲ. ಎತ್ತುವಾಗ ಮಂಡಿ ಬಗ್ಗಲಿ, ಚೀಲ ಮೈಗೆ ಹತ್ತಿರವಿರಲಿ. ಬಾಣಂತಿಯರು, ರಕ್ತದೊತ್ತಡದವರು ವೈದ್ಯರನ್ನು ಕೇಳಿ ಬನ್ನಿ.

ಮಂಗಳವಾರ, ಶುಕ್ರವಾರ ಸಂಜೆ ನಮ್ಮ ಕಚೇರಿಯ ಹಿಂದಿನ ಕೋಣೆ ಖಾಲಿ ಇರುತ್ತದೆ. ಬೀಗದ ಕೈ ಹೆಂಗಸರ ಬಳಿಯೇ ಇರಲಿ. ಆ ಎರಡು ಸಂಜೆ ನೀರು ತುಂಬುವವರು, ಒಲೆ ಹಚ್ಚುವವರು ಗಂಡಸರು. ಒಪ್ಪುವ ಸಂಗಾತಿಗಳು ಈಗಲೇ ಕೈ ಎತ್ತಿ, ಹೆಸರು ಬರೆದುಕೊಳ್ಳುತ್ತೇವೆ.