ಗುಡುಗಿಗೆ ನಡುಗೋ ನಾಯಿಗೆ ಬೈಬ್ಯಾಡ್ರಿ

ಗೋಗಿಯಿಂದ ಮಾತಾಡ್ತಿದ್ದೀನಿ. ಯಾದಗಿರಿ ಜಿಲ್ಲೆ, ಶಹಾಪುರ ತಾಲೂಕು. ಇವತ್ತಿನ ಎಪಿಸೋಡಿನಲ್ಲಿ ಹಿಂದೆ ಫ್ಯಾನಿನ ಸದ್ದು ಕೇಳಿಸಿದ್ರೆ ಬೇಜಾರಾಗಬ್ಯಾಡ್ರಿ, ಬೇಕಂತಲೇ ಹಚ್ಚಿದ್ದೀನಿ. ಹೊರಗೆ ಮೋಡ ಕವಿದಿದೆ. ನನ್ನ ಕಾಲ ಹತ್ರ ಮೋತಿ ಮಲಗಿದೆ. ಫ್ಯಾನ್ ಇರೋದು ಅದಕ್ಕಾಗಿ.

ಮೋತಿ ನಮ್ಮ ಮುತ್ಯಾನ ನಾಯಿ. ಊರ ನಾಯಿನೇ. ಹೊಲ ಕಾಯೋದು ಅದರ ಕೆಲಸ. ರಾತ್ರಿ ಹಂದಿ ನುಗ್ಗಿದ್ರೂ ಹಿಂದೆ ಸರಿಯೋ ನಾಯಿ ಅಲ್ಲ. ಆದ್ರೆ ಗುಡುಗು ಅಂದ್ರೆ ಮುಗೀತು, ಕಾಲು ನಡುಗ್ತಾವೆ.

ಹೋದ ವರ್ಷ ಮೇ ತಿಂಗಳು. ಹೊಲದಲ್ಲಿ ತಗಡಿನ ಶೆಡ್ಡಿನ ಕಂಬಕ್ಕೆ ಮೋತಿಯನ್ನ ಚೈನು ಹಾಕಿ ಕಟ್ಟಿದ್ವಿ. ಸಂಜೆ ನಾಲ್ಕರ ಹೊತ್ತಿಗೆ ಕರಿ ಮೋಡ ಎದ್ದವು, ಗಾಳಿ ಸುರುವಾಯ್ತು. ಮೋತಿ ಒಂದೇ ಸಮನೆ ಕುಂಯ್‌ಗುಡ್ತಾ ಕಂಬ ಸುತ್ತಾ ಇತ್ತು. ಬಾಯಿಂದ ಜೊಲ್ಲು ಸುರೀತಿತ್ತು.

ನಾನು ಕೇಳಿದೆ, “ಮುತ್ಯಾ, ಮೋತಿನ್ನ ಬಿಚ್ಚಿ ಮನಿಗಿ ಕರ್ಕೊಂಡು ಹೋಗೂಣೇನು?”

ಮುತ್ಯಾ ನಕ್ಕ. “ಏ ತಮ್ಮಾ, ನಾಯಿ ಇರೂದು ಹೊಲ ಕಾಯ್ಲಿಕ್ಕೋ, ಮನ್ಯಾಗ ಕೌದಿ ಹೊಚ್ಚಿ ಮಲಗಸ್ಲಿಕ್ಕೋ? ಇವತ್ತ ಅಂಜ್ತದ, ನಾಳಿಗಿ ರೂಢಿ ಆಗ್ತದ. ನಡಿ.”

ನಾನೂ ಹೂಂ ಅಂದೆ. ಮಳೆ ಬರೋದ್ರೊಳಗೆ ಮನೆ ಸೇರಬೇಕಿತ್ತು. ಇಬ್ಬರೂ ಬೈಕ್ ಹತ್ತಿ ಬಂದುಬಿಟ್ವಿ. ಇದರಲ್ಲಿ ಮುತ್ಯಾಂದಷ್ಟೇ ತಪ್ಪಿಲ್ಲ. ಬೈಕಿನ ಕೀಲಿ ನನ್ನ ಕೈಯಲ್ಲಿತ್ತು.

ಮರುದಿನ ಮುಂಜಾನೆ ಹೋಗಿ ನೋಡಿದ್ರೆ ಚೈನು ಕಂಬಕ್ಕೇ ಇತ್ತು. ತುದಿಗೆ ಹರಿದ ಕೊರಳಪಟ್ಟಿ. ಮೋತಿ ಇಲ್ಲ. ಬಸ್ ಸ್ಟ್ಯಾಂಡ್, ದರ್ಗಾದ ಕಡೆ, ಹಳ್ಳದ ದಂಡೆ, ಎಲ್ಲಾ ಕಡೆ ಹುಡುಕಿದ್ವಿ. ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೂರನೇ ದಿನ ಬ್ಯಾರೆಯವರ ಹೊಲದ ಹತ್ತಿ ಕಟ್ಟಿಗೆ ಒಟ್ಟಿದ ಬಣವೆ ಸಂದಿನಲ್ಲಿ ಸಿಕ್ತು. ಕೊರಳ ಸುತ್ತ ಚರ್ಮ ಕಿತ್ತಿತ್ತು. ಚೈನು ಕಚ್ಚಿ ಕಚ್ಚಿ ಒಂದು ಹಲ್ಲು ಮುರಿದಿತ್ತು. ಕರೆದ್ರೆ ನಮ್ಮ ಹತ್ರಾನೂ ಬರಲಿಲ್ಲ. ಮುತ್ಯಾ ಅಲ್ಲೇ ನೆಲಕ್ಕೆ ಕೂತು, ಅರ್ಧ ತಾಸು ಸುಮ್ಮನೆ ರೊಟ್ಟಿ ಹಿಡಕೊಂಡಿದ್ದ. ಆಮೇಲೆ ಬಂತು.

ಅವತ್ತಿನಿಂದ ಮೋತಿಗೆ ರೂಢಿ ಆಗಲಿಲ್ಲ, ಅಂಜಿಕೆ ಹೆಚ್ಚಾಯ್ತು. ಮೊದಲು ಗುಡುಗಿಗೆ ಹೆದರ್ತಿತ್ತು. ಈಗ ಗಾಳಿ ಬೀಸಿದ್ರೂ, ಮೋಡ ಕವಿದ್ರೂ ನಡುಕ. ಹೀಗೇ ಆಗೋದು. ತಪ್ಪಿಸಿಕೊಳ್ಳಲಿಕ್ಕೆ ದಾರಿ ಇಲ್ಲದ ಕಡೆ ಕಟ್ಟಿಹಾಕಿ ಹೆದರಿಸಿದ್ರೆ ನಾಯಿ ಧೈರ್ಯ ಕಲಿಯೋದಿಲ್ಲ. ಮುಂದಿನ ಸಲ ಇನ್ನೂ ಬೇಗ ಹೆದರೋದನ್ನ ಕಲಿತದೆ.

ನಾನು ಬಿ.ಕಾಂ ಓದಿದವನು, ಪಶು ಡಾಕ್ಟರ್ ಅಲ್ಲ. ಮೋತಿ ಗಾಯಕ್ಕೆ ಔಷಧ ಹಚ್ಚಿಸಿಕೊಂಡು ಬಂದ ಮೇಲೆ ಓದಲಿಕ್ಕೆ ಕೂತೆ. 2020ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸುಮಾರು 13,700 ನಾಯಿಗಳ ಬಗ್ಗೆ ಮಾಲೀಕರನ್ನ ಕೇಳಿ ಒಂದು ಅಧ್ಯಯನ ಪ್ರಕಟಿಸಿದ್ರು. ನೂರರಲ್ಲಿ 32 ನಾಯಿಗಳಿಗೆ ಸದ್ದಿನ ಭಯ ಇತ್ತು. ಎಲ್ಲಾ ಅಂಜಿಕೆಗಳಲ್ಲಿ ಇದೇ ಮೊದಲನೇ ಸ್ಥಾನ. 2005ರಲ್ಲಿ ಅಮೆರಿಕದ ಸಂಶೋಧಕರು ಗುಡುಗಿಗೆ ಹೆದರೋ 19 ನಾಯಿಗಳಿಗೆ ರೆಕಾರ್ಡ್ ಮಾಡಿದ ಗುಡುಗು ಕೇಳಿಸಿ ನೋಡಿದ್ರು. ಮೈಯಲ್ಲಿನ ಕಾರ್ಟಿಸಾಲ್, ಅಂದ್ರೆ ಒತ್ತಡದ ಹಾರ್ಮೋನು, ಎರಡು ಪಟ್ಟಿಗಿಂತ ಜಾಸ್ತಿ ಏರಿತ್ತು. ಸದ್ದು ನಿಂತು 40 ನಿಮಿಷ ಆದ್ರೂ ಮೊದಲಿನ ಮಟ್ಟಕ್ಕೆ ಇಳಿದಿರಲಿಲ್ಲ. ಮಳೆ ನಿಂತ ಮೇಲೂ ನಾಯಿ ಮೂಲೆ ಬಿಟ್ಟು ಬರದಿದ್ರೆ ಅದು ನಾಟಕ ಅಲ್ಲ, ಮೈ ಇನ್ನೂ ಸಮಾಧಾನಕ್ಕೆ ಬಂದಿಲ್ಲ ಅಂತ ಅರ್ಥ.

ಸರಿ, ನಾವು ಮಾಡೋದೇನು? ನಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನ ಹೇಳ್ತೀನಿ.

ಮೊದಲನೇದು, ಗುಡುಗು ಸುರುವಾಗೋ ಮುಂಚೆ ಬಿಚ್ಚಿ. ಇದು ಎಲ್ಲದಕ್ಕಿಂತ ದೊಡ್ಡದು. ಸಿಡಿಲು ಬೀಳೋ ಹೊತ್ತಿನಲ್ಲಿ ಹೊಲಕ್ಕೆ ಓಡಿದ್ರೆ ನಿಮ್ಮ ಜೀವಕ್ಕೇ ಅಪಾಯ. ಫೋನಿನಲ್ಲಿ ‘ದಾಮಿನಿ’ ಆ್ಯಪ್ ಹಾಕಿಕೊಳ್ಳಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ್ದು, ಹತ್ತಿರದಲ್ಲಿ ಸಿಡಿಲಿನ ಸೂಚನೆ ಇದ್ರೆ ತೋರಿಸ್ತದೆ. ಇನ್ನೊಂದು ಸುಲಭ ಲೆಕ್ಕ: ಮಿಂಚು ಕಂಡ ಮೇಲೆ ಗುಡುಗು ಕೇಳೋ ತನಕ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿ. ಸಿಡಿಲು ಅಷ್ಟು ಕಿಲೋಮೀಟರ್ ದೂರ. ಆದ್ರೆ ಗುಡುಗು ಕಿವಿಗೆ ಬಿತ್ತು ಅಂದ್ರೆ ಎಣಿಸ್ತಾ ಹೊರಗೆ ನಿಲ್ಲಬ್ಯಾಡ್ರಿ, ನೀವೂ ಒಳಗೆ ಹೋಗ್ರಿ.

ಎರಡನೇದು, ಅದಕ್ಕೊಂದು ಜಾಗ. ತಗಡಿನ ಶೆಡ್ ಬ್ಯಾಡ. ತಗಡಿನ ಮೇಲೆ ಮಳೆ ಬಿದ್ರೆ ನಮ್ಮ ಕಿವಿಯೇ ಕಿವುಡಾಗ್ತದೆ, ನಾಯಿ ಕಿವಿ ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮ. ನಾವು ಒಳಮನೆಯಲ್ಲಿ ಹೊರಸಿನ ಮೇಲಿಂದ ಎರಡು ಹಳೇ ಕೌದಿ ಇಳಿಬಿಟ್ಟು ಕೆಳಗೆ ಗೂಡು ಮಾಡಿದ್ವಿ. ಕೌದಿಗೆ ಸದ್ದೂ ಕಡಿಮೆ ಆಗ್ತದೆ, ಮಿಂಚೂ ಕಾಣೋದಿಲ್ಲ. ಆದ್ರೆ ನೂಕಿ ಕೂಡಿಹಾಕಬ್ಯಾಡ್ರಿ. ಒಂದು ಕಡೆ ತೆರೆದಿರಲಿ. ತಾನಾಗಿ ಹೋಗಬೇಕು, ತಾನಾಗಿ ಬರಬೇಕು. ನಿಮ್ಮ ನಾಯಿ ಬಚ್ಚಲುಮನೆ ಮೂಲೆನೇ ಆರಿಸಿದ್ರೆ ಅಲ್ಲೇ ಇರಲಿ.

ಮೂರನೇದು, ಒಂದೇ ತೆರನ ಸದ್ದು. ಫ್ಯಾನ್, ಟಿವಿ, ರೇಡಿಯೋ ಯಾವುದಾದ್ರೂ ಸರಿ, ಗುಡುಗು ಅದರಲ್ಲಿ ಸ್ವಲ್ಪ ಮುಳುಗ್ತದೆ. ನಮ್ಮ ಕಡೆ ಗಾಳಿ ಎದ್ರೆ ಕರೆಂಟ್ ಹೋಗೋದು ಗ್ಯಾರಂಟಿ. ಅದಕ್ಕೆ ನಾನು ಫ್ಯಾನಿನ ಸದ್ದನ್ನೇ ಒಂದು ತಾಸು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದೀನಿ. ಕರೆಂಟ್ ಹೋದ್ರೆ ಬ್ಲೂಟೂತ್ ಸ್ಪೀಕರಿಗೆ ಹಚ್ಚೋದು.

ನಾಲ್ಕನೇದು, ಹತ್ರ ಬಂದ್ರೆ ಮೈ ಸವರಿ. “ಮುದ್ದು ಮಾಡಿದ್ರ ಇನ್ನಾ ಅಂಜುಬುರುಕ ಆಗ್ತದ” ಅಂತಾರೆ. ಹಂಗೇನಿಲ್ಲ. ಅಂಜಿಕೆ ಅನ್ನೋದು ಕಲಿತ ಚಟ ಅಲ್ಲ, ಒಳಗಿನ ಸಂಕಟ. ಸಮಾಧಾನ ಮಾಡಿದ್ರೆ ಸಂಕಟ ಹೆಚ್ಚಾಗೋದಿಲ್ಲ. ಬೈದ್ರೆ, ಹೊಡೆದ್ರೆ ಹೆಚ್ಚಾಗ್ತದೆ. ತಿನ್ನೋ ಸ್ಥಿತಿಯಲ್ಲಿದ್ರೆ ಕುದಿಸಿದ ತತ್ತಿ, ರೊಟ್ಟಿ ಚೂರು ಕೊಡಿ. ಉಳ್ಳಾಗಡ್ಡಿ ಮತ್ತು ಚಾಕೊಲೇಟ್ ಮಾತ್ರ ಬ್ಯಾಡ, ನಾಯಿಗೆ ವಿಷ.

ಐದನೇದು ಚಳಿಗಾಲದ ಕೆಲಸ. ನಿಜವಾದ ಗುಡುಗು ಇಲ್ಲದ ತಿಂಗಳುಗಳಲ್ಲಿ ಫೋನಿನಲ್ಲಿ ಗುಡುಗಿನ ಸದ್ದು ತೀರಾ ಸಣ್ಣಗೆ ಹಚ್ಚಿ, ಜೊತೆಗೆ ಅದಕ್ಕೆ ಇಷ್ಟವಾದದ್ದು ತಿನ್ನಿಸಿ. ದಿನಾ ಐದು ನಿಮಿಷ ಸಾಕು. ನಾಯಿ ಆರಾಮಾಗಿ ತಿಂತಾ ಇದ್ರೆ ಕೆಲವು ದಿನ ಬಿಟ್ಟು ಒಂದು ಪಾಯಿಂಟ್ ಏರಿಸಿ. ಕಿವಿ ಹಿಂದಕ್ಕೆ ಹೋದ್ವು, ಬಾಲ ಕಾಲ ಸಂದಿಗೆ ಹೋಯ್ತು ಅಂದ್ರೆ ನೀವು ಅವಸರ ಮಾಡಿದ್ರಿ, ವಾಪಸ್ ಇಳಿಸಿ. ವಾರಗಟ್ಟಲೆ ಹಿಡೀತದೆ. ನಮ್ಮ ಮೋತಿ ಎರಡು ತಿಂಗಳಿಗೆ ಅರ್ಧ ವಾಲ್ಯೂಮಿಗೆ ಬಂತು.

ಇಷ್ಟು ಮಾಡಿದ್ರೂ ನಾಯಿ ಗೋಡೆಗೆ ಹಾಯ್ದುಕೊಳ್ತಾ ಇದ್ರೆ, ಮೈ ಕಚ್ಚಿಕೊಳ್ತಾ ಇದ್ರೆ ಪಶು ಡಾಕ್ಟರಿಗೆ ತೋರಿಸಿ. ಈ ಅಂಜಿಕೆಗೆ ಔಷಧ ಇದೆ. ಅಮೆರಿಕದಲ್ಲಿ 2015ರಲ್ಲಿ, ಸದ್ದಿಗೆ ಹೆದರೋ ನಾಯಿಗಳಿಗಂತಲೇ ಒಸಡಿಗೆ ಹಚ್ಚೋ ಒಂದು ಜೆಲ್ಲಿಗೆ ಸರ್ಕಾರದ ಒಪ್ಪಿಗೆ ಸಿಕ್ತು. ಯಾವ ಔಷಧ, ಎಷ್ಟು ಅನ್ನೋದನ್ನ ಡಾಕ್ಟರೇ ಹೇಳಬೇಕು. ಮನೆಯಲ್ಲಿರೋ ನಿದ್ದೆ ಗುಳಿಗೆ, ಜ್ವರದ ಗುಳಿಗೆ ಕೊಡಬ್ಯಾಡ್ರಿ, ಜೀವ ಹೋಗಬಹುದು. ದವಾಖಾನೆ ದೂರ ಇದ್ರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ನಂಬರಿಗೆ ಫೋನ್ ಮಾಡಿ ಕೇಳಿ.

ಮೋತಿ ಪೂರ್ತಿ ಆರಾಮಾಗಿದೆ ಅಂತ ನಾನು ಹೇಳೋದಿಲ್ಲ. ಈಗಲೂ ನಡುಗ್ತದೆ. ಆದ್ರೆ ಓಡಿಹೋಗೋದಿಲ್ಲ. ಸೀದಾ ಹೊರಸಿನ ಕೆಳಗೆ ಹೋಗ್ತದೆ, ಮಳೆ ನಿಂತ ಮೇಲೆ ಬಂದು ನೀರು ಕುಡೀತದೆ.

ಹೋದ ವಾರ ಮಧ್ಯಾಹ್ನ ಮೋಡ ಆಯ್ತು. ನಾನು ಶಹಾಪುರದಲ್ಲಿದ್ದೆ. ಗಾಬರಿಯಾಗಿ ಮುತ್ಯಾನಿಗೆ ಫೋನ್ ಹಚ್ಚಿದೆ. “ಮುತ್ಯಾ, ಮೋತಿ ಎಲ್ಲದ?”

“ನನ್ನ ಸಂಗಟನ ಅದ. ಮನಿ ಕಡಿ ಹೊಂಟೀವಿ.”

“ಚೈನು ಬಿಚ್ಚಿದೇನು?”

“ಚೈನಿಗಿ ಜಂಗ್ ಹಿಡದಿತ್ತೋ ತಮ್ಮಾ. ಅದಕ್ಕ ತಗದು ಒಗದೀನಿ.”

ಆ ಚೈನು ತಂದು ಇನ್ನೂ ವರ್ಷ ಆಗಿಲ್ಲ. ನಾನೇ ಶಹಾಪುರ ಸಂತೆಯಲ್ಲಿ ಕೊಂಡಿದ್ದು. ನಾನೇನೂ ಅನ್ನಲಿಲ್ಲ.

ನೀವು ಇದನ್ನ ಕೇಳ್ತಿರೋ ಹೊತ್ತಿಗೆ ನಿಮ್ಮೂರಲ್ಲೂ ಮೋಡ ಆಗಿರಬಹುದು. ಹೊಲದಲ್ಲಿ, ಅಂಗಡಿ ಮುಂದೆ, ಕಟ್ಟಡದ ಕೆಲಸ ನಡೆಯೋ ಕಡೆ ಯಾವುದಾದ್ರೂ ನಾಯಿ ಕಟ್ಟಿಹಾಕಿದ್ದು ಕಂಡ್ರೆ ಅದರ ಮಾಲೀಕರಿಗೆ ಒಂದು ಮಾತು ಹೇಳ್ರಿ. ಓಣಿ ನಾಯಿ ನಿಮ್ಮ ಕಟ್ಟೆ ಮೇಲೆ ಬಂದು ಮುದುಡಿಕೊಂಡ್ರೆ ಮಳೆ ನಿಲ್ಲೋ ತನಕ ಓಡಿಸಬ್ಯಾಡ್ರಿ.

ಅಗೋ, ಗುಡುಗ್ತು. ಮೋತಿ ಎದ್ದು ಒಳಗೆ ಹೊಂಟಿತು. ನಾನೂ ಹೋಗ್ತೀನಿ. ಮುಂದಿನ ವಾರ ಸಿಗೋಣ. ಶರಣು.