ವಾಣಿಜ್ಯ ಒಪ್ಪಂದಗಳು ಮತ್ತು ಪ್ರಾದೇಶಿಕ ಆರ್ಥಿಕ ಸಮನ್ವಯ



ನೆರೆಹೊರೆಯ ದೇಶಗಳು ಪರಸ್ಪರರ ಸರಕುಗಳ ಮೇಲಿನ ಸುಂಕವನ್ನು ಇಳಿಸಿ, ತಮ್ಮ ಮಾರುಕಟ್ಟೆಗಳನ್ನು ಹಂತಹಂತವಾಗಿ ಒಂದುಗೂಡಿಸುವುದೇ ಪ್ರಾದೇಶಿಕ ಆರ್ಥಿಕ ಸಮನ್ವಯ. ವಾಣಿಜ್ಯ ಒಪ್ಪಂದವು ಅದರ ತಳಹದಿ. ಆದರೆ ತಳಹದಿ ಹಾಕಿದ ಮಾತ್ರಕ್ಕೆ ಮನೆ ಎದ್ದು ನಿಲ್ಲದು ಎಂಬುದಕ್ಕೆ ದಕ್ಷಿಣ ಏಷ್ಯಾದ ಅನುಭವವೇ ಸಾಕ್ಷಿ.

ಸಾರ್ಕ್ ಸಂಘಟನೆಯು 1985ರಲ್ಲಿ ಢಾಕಾದಲ್ಲಿ ಸ್ಥಾಪನೆಗೊಂಡಿತು. 1993ರ ಸಾಪ್ಟಾ ಒಪ್ಪಂದವು ಆಯ್ದ ಸರಕುಗಳಿಗೆ ಸುಂಕ ರಿಯಾಯಿತಿ ನೀಡಿತು. 2006ರಲ್ಲಿ ಜಾರಿಗೆ ಬಂದ ಸಾಫ್ಟಾ ಮುಕ್ತ ವ್ಯಾಪಾರದ ಗುರಿ ಹೊಂದಿತು. ಆದಾಗ್ಯೂ ಪ್ರತಿಯೊಂದು ದೇಶವೂ ಅನೇಕ ಸರಕುಗಳನ್ನು ಸೂಕ್ಷ್ಮ ವಸ್ತುಗಳ ಪಟ್ಟಿಗೆ ಸೇರಿಸಿ ರಿಯಾಯಿತಿಯಿಂದ ಹೊರಗಿರಿಸಿತು. ರಾಜಕೀಯ ಅವಿಶ್ವಾಸವೂ ಅಡ್ಡಬಂದಿತು. ಪರಿಣಾಮವಾಗಿ, ಈ ರಾಷ್ಟ್ರಗಳ ಒಟ್ಟು ವಿದೇಶಿ ವ್ಯಾಪಾರದಲ್ಲಿ ಪರಸ್ಪರ ವ್ಯಾಪಾರದ ಪಾಲು ಶೇಕಡಾ 5ರ ಆಸುಪಾಸಿನಲ್ಲಿಯೇ ಉಳಿದಿದೆ. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದಲ್ಲಿ ಈ ಪಾಲು ಐದನೆಯ ಒಂದು ಭಾಗಕ್ಕೂ ಹೆಚ್ಚು.

ಸಾರ್ಕ್‌ನ ನಿಧಾನಗತಿಯ ನಡುವೆ ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರಿನಲ್ಲಿ ಪ್ರತ್ಯೇಕ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದು 2000ದಲ್ಲಿ ಜಾರಿಗೆ ಬಂದಿತು. ಒಪ್ಪಂದವೊಂದರ ಶಕ್ತಿ ಹಾಗೂ ಮಿತಿ ಎರಡನ್ನೂ ಅರಿಯಲು ಅದರಡಿಯ ಕರಿಮೆಣಸಿನ ವ್ಯಾಪಾರವನ್ನು ಗಮನಿಸಬಹುದು.

ಮೆಣಸಿನ ಮೇಲೆ ಭಾರತದ ಸಾಮಾನ್ಯ ಆಮದು ಸುಂಕ ಶೇಕಡಾ 70ರಷ್ಟಿದ್ದ ಕಾಲದಲ್ಲಿ, ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಲು ಅವಕಾಶವಿತ್ತು. ಈ ಸೌಲಭ್ಯ ಆ ದ್ವೀಪದಲ್ಲಿಯೇ ಬೆಳೆದ ಮೆಣಸಿಗೆ ಮಾತ್ರ ಮೀಸಲು. ಆದರೆ ಕಾಳನ್ನು ನೋಡಿ ಅದು ಬೆಳೆದ ನೆಲವನ್ನು ಗುರುತಿಸುವುದು ಸುಲಭವಲ್ಲ. ವಿಯೆಟ್ನಾಮಿನ ಅಗ್ಗದ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ, ಇದರಿಂದ ಬೆಲೆ ಕುಸಿಯುತ್ತಿದೆ ಎಂದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರು ದೂರಿದರು. ಕಾಫಿ ತೋಟದ ನೆರಳುಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಯೇ, ಕಾಫಿಯ ಬೆಲೆ ಬಿದ್ದ ವರ್ಷ ಅವರ ಕೈಹಿಡಿಯುವ ಆಸರೆ.

2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಿತು. 2018ರ ಮಾರ್ಚಿನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ಈ ಕ್ರಮದ ಉದ್ದೇಶ ಸ್ವದೇಶಿ ಬೆಳೆಗಾರನ ರಕ್ಷಣೆ. ಆದರೆ ಪ್ರಾಮಾಣಿಕವಾಗಿ ಬೆಳೆದು ಮಾರುವ ಶ್ರೀಲಂಕಾದ ರೈತನಿಗೂ ಅದೇ ಬೇಲಿ ಅಡ್ಡವಾಯಿತು. ಮೂರನೆಯವರ ಸರಕು ಕಳ್ಳದಾರಿಯಲ್ಲಿ ನುಸುಳಿದಾಗ ನಷ್ಟವಾಗುವುದು ಒಪ್ಪಂದ ಮಾಡಿಕೊಂಡ ಎರಡೂ ದೇಶಗಳ ದುಡಿಯುವ ಕೈಗಳಿಗೆ.

ಆದುದರಿಂದಲೇ ಸರಕಿನ ಮೂಲವನ್ನು ನಿರ್ಧರಿಸುವ ನಿಯಮಗಳು ಒಪ್ಪಂದದ ಜೀವಾಳ. ರಿಯಾಯಿತಿ ಕೋರುವ ಆಮದುದಾರನು ಮೂಲ ಪ್ರಮಾಣಪತ್ರದ ಜೊತೆಗೆ ಅದನ್ನು ಸಮರ್ಥಿಸುವ ವಿವರಗಳನ್ನೂ ಹೊಂದಿರಬೇಕೆಂಬ ಕಟ್ಟಳೆ ಭಾರತದಲ್ಲಿ 2020ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿತು. ಸುಂಕ ಇಳಿಸಲು ಒಂದು ಸಹಿ ಸಾಕು. ನಂಬಿಕೆ ಉಳಿಯಲು ಬಂದರಿಗೆ ಬರುವ ಪ್ರತಿಯೊಂದು ಚೀಲವೂ ತನ್ನ ಊರಿನ ಹೆಸರನ್ನು ನಿಜವಾಗಿ ಹೇಳಬೇಕು. ಮಾರುಕಟ್ಟೆಗಳು ಒಂದುಗೂಡುವುದು ಆ ನಂಬಿಕೆಯ ಮೇಲೆಯೇ.