ಆರು ಮಕ್ಕಳಿಗೆ ಒಬ್ಬ ಅಣ್ಣ

ಕಾಲೇಜು ಶುರುವಾಗುವ ದಿನಗಳಲ್ಲಿ ಶಿಗ್ಗಾಂವ ಬಸ್ ನಿಲ್ದಾಣದಲ್ಲಿ ಟ್ರಂಕು, ಹಾಸಿಗೆ, ಅವ್ವ ಕಟ್ಟಿಕೊಟ್ಟ ರೊಟ್ಟಿಬುತ್ತಿ ಹಿಡಿದು ನಿಂತ ಮಕ್ಕಳನ್ನು ಕಂಡಾಗೆಲ್ಲ ನನಗೆ ಒಂದೇ ಚಿಂತೆ: ಇಂದು ರಾತ್ರಿ ಹಾಸ್ಟೆಲಿನಲ್ಲಿ ಇವರ ಬಾಗಿಲು ಬಡಿಯುವವರು ಯಾರು?

ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗ್ ಅಪರಾಧ. 2009ರ ಮಾರ್ಚಿನಲ್ಲಿ ಹಿಮಾಚಲದ ಟಾಂಡಾದಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಿರಿಯರ ಹೊಡೆತಕ್ಕೆ ಜೀವ ಬಿಟ್ಟ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಬಿಗಿ ನಿಯಮ ತಂದಿತು. ಅದರ ಮುಚ್ಚಳಿಕೆ, ಶಿಕ್ಷೆ ಎಲ್ಲರಿಗೂ ಗೊತ್ತು. ಆದರೆ ಆರು ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಮಾರ್ಗದರ್ಶಿಯಾಗಬೇಕು, ಅಂಥ ಆರು ಮಾರ್ಗದರ್ಶಿಗಳಿಗೆ ಇನ್ನೊಬ್ಬ ಹಿರಿಯನಿರಬೇಕು ಎಂಬ ಮಾತೂ ಅಲ್ಲಿದೆ. ನನ್ನ ಮಟ್ಟಿಗೆ ನಿಯಮದ ಜೀವಾಳ ಅದೇ.

ಆ ಅಣ್ಣನನ್ನು, ಅಕ್ಕನನ್ನು ತಯಾರು ಮಾಡಬೇಕಾದವರು ಅಧ್ಯಾಪಕರು, ವಾರ್ಡನ್ನರು. ಊಟ ಬಿಟ್ಟವನು, ವಾರವಾರವೂ ಊರಿಗೆ ಓಡುವವಳು, ಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಟ್ಟು ಗಾಯ ಮುಚ್ಚಿಕೊಳ್ಳುವವನು: ಇವರನ್ನು ಗುರುತಿಸಲು ಕಲಿಯಬೇಕು. ಅಡುಗೆಯವರಿಗೂ ಕಾವಲುಗಾರರಿಗೂ ಕಲಿಸಬೇಕು. ಎಷ್ಟೋ ಸಲ ಮೊದಲು ಕಾಣುವುದು ಅವರ ಕಣ್ಣಿಗೇ.

ನಮ್ಮ ಗೋಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೂ ಹೊರಊರುಗಳ ಮಕ್ಕಳು ಬರುತ್ತಾರೆ. ಬಂದವರನ್ನು ಒಳಗೊಳ್ಳುವುದು ಈ ನೆಲಕ್ಕೆ ಹೊಸತಲ್ಲ: ಇದೇ ತಾಲ್ಲೂಕಿನ ಸಂತಕವಿ ಶಿಶುನಾಳದ ಶರೀಫರನ್ನು ಕಳಸದ ಗೋವಿಂದಭಟ್ಟರು ಶಿಷ್ಯನಾಗಿ ಬರಮಾಡಿಕೊಂಡರು. ಧರ್ಮ ಬೇರೆಯೆಂದು ಊರು ಆಡಿಕೊಂಡಿತಂತೆ, ಗುರುಗಳು ಕೈಬಿಡಲಿಲ್ಲ.

ತಾಯಂದಿರೇ, ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522 ಹಗಲಿರುಳೂ ಇದೆ. ಚೀಟಿಯಲ್ಲಿ ಬರೆದು, ಬುತ್ತಿಯ ಜೊತೆ ಇಟ್ಟು ಕಳಿಸಿ.